ಏಳನೇ ತಿಂಗಳ ಎದೆಯುರಿ: ಸೋಡಾ ಬಿಡಿ, ಕಬ್ಬಿಣದ ಮಾತ್ರೆ ಬಿಡಬೇಡಿ

ಪತ್ರ: ನನಗೀಗ ಏಳು ತಿಂಗಳು. ರಾತ್ರಿ ಮಲಗಿದರೆ ಸಾಕು, ಎದೆ ಉರಿದು ಹುಳಿನೀರು ಗಂಟಲಿಗೆ ಬರುತ್ತದೆ. ಅತ್ತೆಯವರು ಅಡುಗೆ ಸೋಡಾ ಕದಡಿ ಕೊಡುತ್ತಾರೆ, ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಕಬ್ಬಿಣದ ಮಾತ್ರೆ ನುಂಗಿದರೆ ಉರಿ ಹೆಚ್ಚುವುದರಿಂದ ಅದನ್ನು ಬಿಟ್ಟಿದ್ದೇನೆ. ಮಗುವಿಗೆ ತೊಂದರೆಯಾಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎದೆಯುರಿಯಿಂದ ಮಗುವಿಗೆ ತೊಂದರೆಯಿಲ್ಲ. ಮಾತ್ರೆ ಬಿಟ್ಟದ್ದರಿಂದ ಆಗಬಹುದು. ಅದನ್ನು ಇಂದೇ ಮತ್ತೆ ಶುರುಮಾಡಿ.

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ಉಂಡದ್ದು ಇಳಿದ ಮೇಲೆ ಅದು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಗರ್ಭಕೋಶ ಬಿಗಿದುಕೊಳ್ಳದಂತೆ ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಈ ಉಂಗುರವನ್ನೂ ಸಡಿಲಿಸುತ್ತದೆ. ಏಳನೇ ತಿಂಗಳ ಹೊತ್ತಿಗೆ ಬೆಳೆದ ಗರ್ಭ ಕೆಳಗಿನಿಂದ ಒತ್ತುತ್ತದೆ. ಮಲಗಿದಾಗ ಆಮ್ಲ ಮೇಲೇರುವುದು ಹೀಗೆ. ಹೆರಿಗೆಯಾದ ಮೇಲೆ ಬಹುಪಾಲು ಬಾಣಂತಿಯರಿಗೆ ಇದು ತಾನೇ ಹೋಗುತ್ತದೆ.

ಅತ್ತೆಯವರ ಕಾಳಜಿ ದೊಡ್ಡದು, ಆದರೆ ಸೋಡಾ ಬೇಡ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಇಡೀ ದಿನದ ಮಿತಿಯೇ 2,000. ಕಾಲು ಊದುವ ತಿಂಗಳುಗಳಲ್ಲಿ ಇಷ್ಟು ಸೋಡಿಯಂ ಒಳ್ಳೆಯದಲ್ಲ. ಅಂಗಡಿಯ ಈನೋ ಪುಡಿಯಲ್ಲಿಯೂ ಇದೇ ಸೋಡಾ ಇರುತ್ತದೆ.

ಇನ್ನು ಮಾತ್ರೆ. ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ. ನುಂಗಿದ ಕೂಡಲೇ ಮಲಗಿದರೆ ಅದು ಅನ್ನನಾಳದಲ್ಲೇ ನಿಂತು ಸುಡಬಹುದು. ಹಾಗಾಗಿ ರಾತ್ರಿಯ ಬದಲು ಬೆಳಗಿನ ಹನ್ನೊಂದರ ಸುಮಾರಿಗೆ, ಕೂತುಕೊಂಡು, ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ. ಕಾಫಿ, ಚಹಾ ಅದರ ಹಿಂದೆಮುಂದೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಇರಲಿ, ಆಮ್ಲ ತಗ್ಗಿಸುವ ಔಷಧಿ ಇರಲಿ, ಕಬ್ಬಿಣಕ್ಕೂ ಅದಕ್ಕೂ ಎರಡು ಗಂಟೆ ಅಂತರವಿರಬೇಕು. ಇಲ್ಲದಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಆಗಲೂ ಉರಿದರೆ, ಕ್ಯಾಲ್ಸಿಯಂ ತೆಗೆದುಕೊಳ್ಳದ ಹೊತ್ತಿನ ಊಟವಾದ ಮೇಲೆ ನುಂಗಿ. ಮೈಗೆ ಹತ್ತುವುದು ಕೊಂಚ ಕಡಿಮೆಯಾದರೂ ಬಿಡುವುದಕ್ಕಿಂತ ಎಷ್ಟೋ ಮೇಲು. ಅದೂ ಆಗದಿದ್ದರೆ ಬೇರೆ ಬಗೆಯ ಕಬ್ಬಿಣದ ಮಾತ್ರೆ ಇದೆಯೇ ಎಂದು ವೈದ್ಯರನ್ನು ಕೇಳಿ.

ರಾತ್ರಿಯೂಟ ಏಳೂವರೆಗೆ ಮುಗಿಯಲಿ, ಮಲಗುವುದು ಹತ್ತೂವರೆಗೆ. ಹೊಟ್ಟೆ ಬಿರಿಯುವಂತೆ ಮೂರು ಹೊತ್ತು ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ನಿಮ್ಮೂರಿನ ಸಂಜೆಯ ಮಂಡಕ್ಕಿ ಮಿರ್ಚಿಯನ್ನು ಹೆರಿಗೆಯವರೆಗೆ ಬಿಡಲೇಬೇಕು. ಕರಿದದ್ದು ಜಠರದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಟೊಮೆಟೊ ಸಾರು, ಕಾಫಿ ಎಲ್ಲರಿಗೂ ಆಗದೆಂದಿಲ್ಲ. ನಿಮಗೆ ಯಾವುದು ಉರಿ ತರುತ್ತದೋ ನೋಡಿಕೊಂಡು ಅದನ್ನಷ್ಟೇ ಬಿಡಿ. ಲಂಗದ ಲಾಡಿಯನ್ನು ಹೊಟ್ಟೆಯ ಮೇಲೆ ಬಿಗಿಯಬೇಡಿ.

ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಆರು ಇಂಚು ಎತ್ತರದ, ಅಲುಗಾಡದ ಮರದ ತುಂಡು ಇಡಿಸಿ. ದಿಂಬಿನ ಮೇಲೆ ದಿಂಬು ಹಾಕಿದರೆ ಸೊಂಟ ಮಡಚಿ ಹೊಟ್ಟೆ ಇನ್ನಷ್ಟು ಒತ್ತುತ್ತದೆ. ಚಾಪೆಯಲ್ಲಿ ಮಲಗುವವರು ಸೊಂಟದಿಂದ ತಲೆಯ ಕಡೆಗೆ ಏರುತ್ತ ಹೋಗುವಂತೆ ಕಂಬಳಿ ಮಡಿಸಿ ಹಾಕಿಕೊಳ್ಳಿ. ಎಡ ಮಗ್ಗುಲಾದರೆ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ, ಆಮ್ಲ ಅಲ್ಲೇ ನಿಲ್ಲುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಆಲ್ಜಿನೇಟ್ ಇರುವ ಸಿರಪ್ಪನ್ನು ಊಟದ ನಂತರ ಮತ್ತು ಮಲಗುವಾಗ ಕುಡಿಯಬಹುದೇ ಎಂದು ವೈದ್ಯರನ್ನು ಕೇಳಿ. ಅದಕ್ಕೂ ಮೀರಿದರೆ ಫಾಮೊಟಿಡಿನ್ ಅಥವಾ ಒಮೆಪ್ರಜೋಲ್ ಅವರೇ ಬರೆದುಕೊಡುತ್ತಾರೆ. ಮನೆಯಲ್ಲಿ ಉಳಿದ ಯಾರದೋ ಗ್ಯಾಸ್ಟ್ರಿಕ್ ಮಾತ್ರೆಯನ್ನು ಮಾತ್ರ ನುಂಗಬೇಡಿ. ಹುಣ್ಣಿಗೆ ಕೊಡುವ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನೇ ಹಿಂಡುತ್ತದೆ.

ಕಬ್ಬಿಣದಿಂದ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಅಥವಾ ನುಂಗುವುದೇ ಕಷ್ಟವಾದರೆ ತಡಮಾಡಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು, ಬಲ ಪಕ್ಕೆಲುಬಿನ ಕೆಳಗೆ ಅಥವಾ ಎದೆಗುಂಡಿಗೆಯ ಕೆಳಗೆ ಬಿಡದ ನೋವು, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು. ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಲಗಬೇಡಿ. ಇದು ಬಸುರಿಯ ರಕ್ತದೊತ್ತಡ ಏರಿದ ಗುರುತಾಗಿರಬಹುದು. ತಾಯಿ ಕಾರ್ಡ್ ಹಿಡಿದು ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ; 140/90 ಅಥವಾ ಹೆಚ್ಚಿದ್ದರೆ ವೈದ್ಯರು ನೋಡುವವರೆಗೆ ಮನೆಗೆ ಮರಳಬೇಡಿ. ಬಂಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ.
– ಸಂಪಾದಕರು