ನಿಮ್ಮ ಡಿಎನ್‌ಎ ಲೇಖನದಲ್ಲಿ ಪೊಟ್ಯಾಸಿಯಂ ಎಲ್ಲಿ?

ಆತ್ಮೀಯರೇ,

ಚಿತ್ರದುರ್ಗದಿಂದ ನೀವು ಕಳಿಸಿದ ‘ಡಿಎನ್‌ಎಯ ವಿಚಿತ್ರ ರೂಪಗಳು’ ಈಗಿರುವಂತೆ ನಮ್ಮ ವಿಜ್ಞಾನ ಪುರವಣಿಗೆ ಆಗದು. ಭಾಷೆ ಸರಾಗವಾಗಿದೆ. ಆದರೆ ‘ಅದ್ಭುತ’ ಹನ್ನೊಂದು ಕಡೆ ಇದೆ, ಪೊಟ್ಯಾಸಿಯಂ ಒಂದು ಕಡೆಯೂ ಇಲ್ಲ. ರೂಪ ಹೇಗಿದೆ ಎಂದು ಹೇಳಿದ್ದೀರಿ, ಯಾವುದರಿಂದ ನಿಂತಿದೆ ಎಂದು ಹೇಳಿಲ್ಲ.

ಜಿ-ಕ್ವಾಡ್ರುಪ್ಲೆಕ್ಸನ್ನು, ಅಂದರೆ ಡಿಎನ್‌ಎ ನಾಲ್ಕು ಮಡಿಕೆಯಾಗಿ ನಿಲ್ಲುವ ರೂಪವನ್ನು, ಏಳು ಸುತ್ತಿನ ಕೋಟೆಗೆ ಹೋಲಿಸಿದ್ದೀರಿ. ಊರಿನ ಅಭಿಮಾನ ಅರ್ಥವಾಗುತ್ತದೆ, ಹೋಲಿಕೆ ಮಾತ್ರ ದಾರಿ ತಪ್ಪಿಸುತ್ತದೆ. ಕೋಟೆಯ ಸುತ್ತುಗಳು ಒಂದರೊಳಗೊಂದು. ಇದು ಜೋಳದ ರೊಟ್ಟಿ ಪೇರಿಸಿದ ಹಾಗೆ, ಒಂದರ ಮೇಲೊಂದು. ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ (ಅಕ್ಷರಗಳಲ್ಲಿ) ಒಂದು ಗ್ವಾನಿನ್, ಅಂದರೆ ‘ಜಿ’. ನಾಲ್ಕು ಗ್ವಾನಿನ್‌ಗಳು ಎಂಟು ಹೈಡ್ರೋಜನ್ ಬಂಧಗಳಿಂದ ಚೌಕವಾಗಿ ಕೂಡಿದರೆ ಒಂದು ಪದರ. ಎರಡು ಪದರಗಳ ನಡುವೆ ಕೂತ ಪೊಟ್ಯಾಸಿಯಂ ಅಯಾನು ಸುತ್ತಲಿನ ಎಂಟು ಆಮ್ಲಜನಕಗಳನ್ನು ಹಿಡಿದಿಡುತ್ತದೆ. ಬದಲಿಗೆ ಲಿಥಿಯಂ ಹಾಕಿದರೆ ರಚನೆ ಸಡಿಲ. ಸೋಡಿಯಂ ಹಾಕಿದರೆ ನಿಲ್ಲುತ್ತದೆ, ಆದರೆ ನಮ್ಮ ಟೆಲೊಮಿಯರ್ (ಕ್ರೋಮೋಸೋಮಿನ ತುದಿ) ಎಳೆ ಬೇರೆಯೇ ರೀತಿ ಮಡಚಿಕೊಳ್ಳುತ್ತದೆ. ‘ನಾಲ್ಕು ಬೇರೆ ಬೇರೆ ಎಳೆಗಳು ಬೇಕು’ ಎಂಬುದೂ ತಪ್ಪು. ಟೆಲೊಮಿಯರ್‌ನ ಟಿಟಿಎಜಿಜಿಜಿ ಎಂಬ ಅಕ್ಷರಸಾಲು ನಾಲ್ಕು ಸಲ ಬಂದ ಒಂದೇ ಎಳೆ ಸಾಕು.

‘ಬಿಸಿ ಮಾಡಿ ತಣಿಸಿದರೆ ಆಯಿತು’ ಎಂಬ ಸಾಲನ್ನು ಬಿಡಿಸಿ ಬರೆಯಿರಿ: 100 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 95 ಡಿಗ್ರಿಯಲ್ಲಿ ಐದು ನಿಮಿಷ, ಆಮೇಲೆ ನಿಧಾನವಾಗಿ ಕೋಣೆಯ ತಾಪಕ್ಕೆ. ಆದದ್ದು ಕ್ವಾಡ್ರುಪ್ಲೆಕ್ಸೇ ಎಂದು ತಿಳಿಯುವುದು ಮತ್ತೆ ಕಾಯಿಸಿದಾಗ: 295 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಇಳಿಯುತ್ತದೆ. ಮಾಮೂಲಿ ಜೋಡಿ ಸುರುಳಿ ಬಿಚ್ಚುವಾಗ 260ರಲ್ಲಿ ಏರುತ್ತದೆ.

ಝಡ್-ಡಿಎನ್‌ಎ ಪ್ಯಾರಾ ತೆಗೆಯಿರಿ. ಎಡಕ್ಕೆ ಸುತ್ತುತ್ತದೆ ಎಂಬುದರಾಚೆ ಅಲ್ಲಿ ಏನೂ ಇಲ್ಲ.

ಡಿಎನ್‌ಎಯನ್ನು ಕಾಗದದಂತೆ ಮಡಚಿ ಆಕಾರ ಮಾಡುವ ಒರಿಗಾಮಿ ಭಾಗಕ್ಕೆ ಜಾಗ ಕೊಡಿ. 2006ರಲ್ಲಿ ಪಾಲ್ ರಾಥೆಮುಂಡ್ ಸುಮಾರು 7,000 ಬೇಸ್‌ಗಳ ವೈರಸ್ ಎಳೆಯನ್ನು 200ಕ್ಕೂ ಹೆಚ್ಚು ಪುಟ್ಟ ಎಳೆಗಳಿಂದ ಹೊಲಿದು ಆಕಾರ ಕೊಟ್ಟರು. ಇಲ್ಲೂ ಉಪ್ಪೇ ನಿರ್ಣಾಯಕ. ಡಿಎನ್‌ಎಯ ಬೆನ್ನೆಲುಬಿನಲ್ಲಿ ಋಣ ಆವೇಶವಿರುವುದರಿಂದ ಅಕ್ಕಪಕ್ಕದ ಸುರುಳಿಗಳು ಒಂದನ್ನೊಂದು ತಳ್ಳುತ್ತವೆ; ಮೆಗ್ನೀಸಿಯಂ ಆ ತಳ್ಳಾಟವನ್ನು ತಗ್ಗಿಸುತ್ತದೆ. ಮಡಚಲು 12 ಮಿಲಿಮೋಲಾರ್‌ನಷ್ಟು ಹಾಕುತ್ತಾರೆ, ರಕ್ತದಲ್ಲಿರುವುದು ಸುಮಾರು ಒಂದು. ಜೊತೆಗೆ ಡಿಎನ್‌ಎ ಕತ್ತರಿಸುವ ಕಿಣ್ವಗಳೂ ಅಲ್ಲಿವೆ. ಹಾಗಾಗಿ ಒರಿಗಾಮಿಯಿಂದ ಮಾಡಿದ ‘ಔಷಧ ತುಂಬಿದ ಪೆಟ್ಟಿಗೆ ನೇರ ಗೆಡ್ಡೆಗೆ ಹೋಗುತ್ತದೆ’ (ಕ್ಯಾನ್ಸರ್ ಗೆಡ್ಡೆಗೆ) ಎಂದು ಬರೆಯುವ ಮೊದಲು, ಹೊದಿಕೆಯಿಲ್ಲದ ಪೆಟ್ಟಿಗೆ ದಾರಿಯಲ್ಲೇ ಬಿಚ್ಚಿಹೋಗಬಹುದು ಎಂದು ಬರೆಯಬೇಕು. ಧನ ಆವೇಶದ ಪಾಲಿಲೈಸಿನ್ ಎಂಬ ಅಮೈನೋ ಆಮ್ಲದ ಸರಪಳಿ ಲೇಪಿಸುವುದು ಅದಕ್ಕೇ.

‘ಕ್ಯಾನ್ಸರ್ ಇನ್ನು ವಾಸಿ’ ಎಂಬ ಉಪಶೀರ್ಷಿಕೆ ಹಾಕಲಾರೆ. ಮನೆಯಲ್ಲಿ ರೋಗಿ ಇರುವವರೂ ನಮ್ಮ ಪುರವಣಿ ಓದುತ್ತಾರೆ. ಕ್ವಾಡ್ರುಪ್ಲೆಕ್ಸನ್ನು ಗಟ್ಟಿಮಾಡುವ ಸಿಎಕ್ಸ್-5461 ಎಂಬ ಕ್ಯಾನ್ಸರ್ ಔಷಧ ಮನುಷ್ಯರ ಮೇಲಿನ ಪರೀಕ್ಷೆಗೆ ಬಂದಿದೆ, ಅಷ್ಟನ್ನೇ ಬರೆಯಿರಿ.

ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲಿ ಯಮುನಾ ಕೃಷ್ಣನ್ ತಂಡ 2009ರಲ್ಲಿ ಪ್ರಕಟಿಸಿದ, ಡಿಎನ್‌ಎಯಿಂದ ಮಾಡಿದ ಪುಟ್ಟ ಸಾಧನ ಐ-ಸ್ವಿಚ್ಚನ್ನು ನೀವು ಕೈಬಿಟ್ಟಿದ್ದೀರಿ. ಆಮ್ಲೀಯತೆ ಏರಿದರೆ ಅದರ ಸೈಟೊಸಿನ್‌ಗಳು (‘ಸಿ’ ಬೇಸ್‌ಗಳು) ಪ್ರೋಟಾನ್ ಹಂಚಿಕೊಂಡು ಐ-ಮೋಟಿಫ್ ಎಂಬ ಮಡಚಿದ ರೂಪ ಆಗುತ್ತವೆ, ಸಾಧನ ಮುಚ್ಚಿಕೊಳ್ಳುತ್ತದೆ, ಎರಡು ಬಣ್ಣದ ಅಣುಗಳು ಹತ್ತಿರವಾಗಿ ಬೆಳಕು ಬದಲಾಗುತ್ತದೆ. ಜೀವಂತ ಕೋಶದೊಳಗಿನ ಪಿಹೆಚ್ (ಆಮ್ಲೀಯತೆಯ ಮಟ್ಟ) ಅಳೆದದ್ದು ಹೀಗೆ. ರೂಪ, ಕಾರಣ, ಉಪಯೋಗ ಮೂರೂ ಇಲ್ಲಿ ಒಟ್ಟಿಗೇ ಸಿಗುತ್ತವೆ. ಲೇಖನ ಇಲ್ಲಿಂದಲೇ ಶುರುವಾಗಲಿ. 900 ಪದ ಸಾಕು, ತಿದ್ದಿ ಕಳಿಸಿ.

ಸಂಪಾದಕ, ವಿಜ್ಞಾನ ಪುರವಣಿ
ದಾವಣಗೆರೆ