ಮಾಜಿ ಸೈನಿಕರ ಕಿವಿ ಪರೀಕ್ಷಿಸಲು ಯಾವ ಓದು ಬೇಕು?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ, ವಿಜ್ಞಾನ. ಅಪ್ಪ ಫಿರಂಗಿ ದಳದಲ್ಲಿದ್ದವರು, ಈಗ ಕಿವಿ ಮಂದ. ಮಾಜಿ ಸೈನಿಕರಿಗಾಗಿ ದುಡಿಯುವ ಆಡಿಯಾಲಜಿಸ್ಟ್ ಆಗಲು ಏನು ಓದಬೇಕು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಿಎಎಸ್‌ಎಲ್‌ಪಿ, ಅಂದರೆ ಶ್ರವಣ ಹಾಗೂ ವಾಕ್-ಭಾಷಾ ಸಮಸ್ಯೆಗಳ ಪದವಿ ಓದಿ. ಕೊನೆಯ ವರ್ಷದ ಇಂಟರ್ನ್‌ಶಿಪ್ ಸೇರಿ 4 ವರ್ಷ. ನಿಮಗೆ ಹತ್ತಿರದ ದೊಡ್ಡ ಹೆಸರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಬೇರೆಡೆ ಸೇರುವುದಾದರೆ ಶುಲ್ಕ ಕಟ್ಟುವ ಮೊದಲೇ ಆ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ನೋಡಿ. ಎಡವುವುದು ಇಲ್ಲೇ: ಮಾನ್ಯತೆ ಇಲ್ಲದ ಪದವಿಗೆ ಪರಿಷತ್ತಿನ ನೋಂದಣಿ ಸಿಗುವುದಿಲ್ಲ, ನೋಂದಣಿಯಿಲ್ಲದೆ ವೃತ್ತಿ ನಡೆಸುವುದು ಪರಿಷತ್ತಿನ 1992ರ ಕಾಯ್ದೆಯಡಿ ಶಿಕ್ಷಾರ್ಹ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಲೂಬೇಕು. ಸೈನಿಕರಿಗೆಂದೇ ಬೇರೆ ಪರವಾನಗಿಯಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆ, ಅಂದರೆ 2003ರಲ್ಲಿ ಶುರುವಾದ ಇಸಿಎಚ್‌ಎಸ್, ತನ್ನ ಪಾಲಿಕ್ಲಿನಿಕ್‌ಗಳಿಗೆ ಗುತ್ತಿಗೆ ಮೇಲೆ ಸಿಬ್ಬಂದಿ ತೆಗೆದುಕೊಳ್ಳುತ್ತದೆ. ಪ್ರಕಟಣೆಯಲ್ಲಿ ನಿಮ್ಮ ಹುದ್ದೆ ಇದೆಯೇ ಪ್ರತಿ ಬಾರಿ ಓದಿ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳೂ ಒಳ್ಳೆಯ ದಾರಿಯೇ.

ಫಿರಂಗಿ ಸದ್ದಿನ ಹಾನಿ ಸಾಮಾನ್ಯವಾಗಿ 4000 ಹರ್ಟ್ಸ್ ಸುತ್ತ, ಅಂದರೆ ಮಾತು ಸ್ಪಷ್ಟವಾಗಿ ತಿಳಿಯಲು ಬೇಕಾದ ಕೀಚು ಸದ್ದುಗಳಲ್ಲಿ, ಮೊದಲು ಕಾಣುತ್ತದೆ. ಅದಕ್ಕೇ ಎದುರು ಕೂತ ಮಾತು ಕೇಳಿಸುತ್ತದೆ, ಮದುವೆಮನೆ ಗದ್ದಲದಲ್ಲಿ ತಿಳಿಯುವುದಿಲ್ಲ. ಅಪ್ಪನನ್ನು ಈಗಲೇ ಪರೀಕ್ಷೆಗೆ ಕರೆದೊಯ್ಯಿರಿ, ನಿಮ್ಮ ಪದವಿ ಮುಗಿಯಲಿ ಎಂದು ಕಾಯಬೇಡಿ.