ಓದುಗರ ಪ್ರಶ್ನೆ: ಕೇಸರಿ ಬೆಳೆದ ಊರಿಗೆ ಒಂದು ದಿನ

ಪ್ರಶ್ನೆ: ಜುಲೈನಲ್ಲಿ ಲಂಡನ್‌ಗೆ ಮಗಳ ಮನೆಗೆ ಹೋಗುತ್ತಿದ್ದೇವೆ. ಲಂಡನ್ ಅವಳೇ ತೋರಿಸುತ್ತಾಳೆ. ಇಂಗ್ಲೆಂಡಿನ ಒಂದು ಹಳೇ ಸಂತೆ ಊರನ್ನು ಬೆಳಿಗ್ಗೆ ಹೋಗಿ ಸಂಜೆಯೊಳಗೆ ನೋಡಿ ಬರಬೇಕು ಅಂತ ನನಗೆ ಆಸೆ. ನಮ್ಮ ಯಜಮಾನರಿಗೆ ಮಂಡಿನೋವು, ಜಾಸ್ತಿ ನಡೆಯಲಾರರು. ಇಬ್ಬರೂ ಸಸ್ಯಾಹಾರಿಗಳು. ಯಾವ ಊರಿಗೆ ಹೋಗೋಣ?
– ಓದುಗರೊಬ್ಬರು, ಹಾಸನ

ಉತ್ತರ: ಸ್ಯಾಫ್ರನ್ ವಾಲ್ಡನ್‌ಗೆ ಹೋಗಿ. ಕೇಂಬ್ರಿಡ್ಜ್‌ನಲ್ಲಿದ್ದಾಗ ಮನೆಗೆ ಬಂದ ನೆಂಟರನ್ನು ನಾನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಎಸೆಕ್ಸ್ ಜಿಲ್ಲೆಯ ಊರು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹೆಚ್ಚುಕಡಿಮೆ ಒಂದು ಗಂಟೆ ರೈಲು. ಆಡ್ಲಿ ಎಂಡ್‌ನಲ್ಲಿ ಇಳಿಯಬೇಕು. ಅಲ್ಲಿಂದ ಊರು ಎರಡು ಮೈಲಿ ದೂರ, ನಡೆಯುವ ಯೋಚನೆ ಬೇಡ. ಬಸ್ಸೋ ಟ್ಯಾಕ್ಸಿಯೋ ಹಿಡಿಯಿರಿ.

ಮಂಗಳವಾರ ಇಲ್ಲವೇ ಶನಿವಾರವೇ ಹೋಗಿ, ಅವೆರಡೇ ಸಂತೆ ದಿನ. ಬೆಳಿಗ್ಗೆ ಹತ್ತಕ್ಕೆಲ್ಲ ಅಲ್ಲಿರಿ. ಮಧ್ಯಾಹ್ನದ ಮೇಲೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಲು ಶುರು ಮಾಡುತ್ತಾರೆ. ಈ ಸಂತೆ ಮೊದಲು ಪಕ್ಕದ ನ್ಯೂಪೋರ್ಟ್‌ನಲ್ಲಿ ನಡೆಯುತ್ತಿತ್ತು. ಅದನ್ನು ಇಲ್ಲಿಗೆ ತರಲು ಇಲ್ಲಿನ ಒಡೆಯ ಜೆಫ್ರಿ ಡಿ ಮ್ಯಾಂಡೆವಿಲ್‌ಗೆ ಅಪ್ಪಣೆ ಸಿಕ್ಕಿದ್ದು 1141ರಲ್ಲಿ. ಇವತ್ತಿಗೂ ಹಣ್ಣು, ತರಕಾರಿ, ಬ್ರೆಡ್ಡು, ಹೂವಿನ ಗಿಡ ಎಲ್ಲ ಬರುತ್ತದೆ.

ಊರಿನ ಹೆಸರಲ್ಲೇ ಕೇಸರಿ ಇದೆ. 16 ಮತ್ತು 17ನೇ ಶತಮಾನದಲ್ಲಿ ಸುತ್ತಲಿನ ಹೊಲಗಳಲ್ಲಿ ಅದನ್ನೇ ಬೆಳೆಯುತ್ತಿದ್ದರು. ಬಣ್ಣಕ್ಕೆ, ಔಷಧಿಗೆ, ಅಡುಗೆಗೆ ಬೇಡಿಕೆ ಇತ್ತು. ಒಂದು ಹೂವಿಗೆ ಮೂರೇ ಎಳೆ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂವು ಬೇಕು. ಬೆಳಗಿನ ಜಾವವೇ ಕೊಯ್ದು, ಎಳೆ ಬಿಡಿಸಿ, ಒಣಗಿಸಬೇಕು. ಎಷ್ಟು ಕೈಗಳು ದುಡಿದಿರಬೇಕು ಅಲ್ವಾ? ಸೇಂಟ್ ಮೇರಿ ಚರ್ಚಿಗೆ ಹೋದರೆ ದಕ್ಷಿಣದ ಕಮಾನುಗಳ ಮೂಲೆಯಲ್ಲಿ ಆ ಹೂವನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಕತ್ತೆತ್ತಿ ನಿಧಾನವಾಗಿ ಹುಡುಕಿ. ಚರ್ಚಿನ 193 ಅಡಿಯ ಗೋಪುರಕ್ಕಿಂತ ನನಗೆ ಆ ಹೂವೇ ಇಷ್ಟ, ಅದರಲ್ಲಿ ಊರಿನವರ ದುಡಿಮೆ ಕಾಣುತ್ತದೆ.

ಚರ್ಚಿನ ಹತ್ತಿರವೇ ಓಲ್ಡ್ ಸನ್ ಇನ್ ಅನ್ನುವ ಹಳೇ ಛತ್ರದ ಕಟ್ಟಡವಿದೆ. ಅದರ ಗೋಡೆಯ ಗಾರೆಯಲ್ಲಿ ಉಬ್ಬುಚಿತ್ರ ಮಾಡಿದ್ದಾರೆ, 1676 ಅಂತ ಇಸವಿಯೂ ಇದೆ. ಇಬ್ಬರು ಕಟ್ಟುಮಸ್ತಾದ ಆಳುಗಳು ಎದುರುಬದುರು ನಿಂತಿದ್ದಾರೆ. ಗಾರೆಯಲ್ಲಿ ಹೀಗೆ ಚಿತ್ರ ಬಿಡಿಸುವುದು ಆ ಸೀಮೆಯ ಕಸುಬು. ರಸ್ತೆಯಲ್ಲಿ ನಿಂತೇ ನೋಡಬಹುದು, ಟಿಕೆಟ್ ಇಲ್ಲ, ಮೆಟ್ಟಿಲೂ ಇಲ್ಲ.

ಮಧ್ಯಾಹ್ನದ ಮೇಲೆ ಕಾಮನ್ ಅನ್ನುವ ಹುಲ್ಲಿನ ಬಯಲಿಗೆ ಹೋಗಿ. ಸಂತೆ ನಡೆಯುವ ಚೌಕದಿಂದ ಹತ್ತಿರವೇ. ಅಲ್ಲಿ ನೆಲದ ಮೇಲೇ ಒಂದು ಚಕ್ರವ್ಯೂಹವಿದೆ. ಗೋಡೆಯಿಲ್ಲ, ಬೇಲಿಯಿಲ್ಲ, ಹುಲ್ಲಿನ ನಡುವೆ ಇಟ್ಟಿಗೆ ಹಾಸಿದ ಕಿರಿದಾದ ದಾರಿ, ಅಷ್ಟೇ. ಸುತ್ತಿ ಸುತ್ತಿ ನಡುವಿಗೆ ಹೋಗುವಷ್ಟರಲ್ಲಿ ಸುಮಾರು ಒಂದು ಮೈಲಿ ಆಗುತ್ತದೆ. 1699ರಲ್ಲೇ ಅದನ್ನು ಹೊಸದಾಗಿ ಕಡಿಸಿದ ದಾಖಲೆ ಇದೆ. ನೀವು ಸುತ್ತಿ ಬನ್ನಿ, ಯಜಮಾನರು ಆರಾಮವಾಗಿ ಕೂತು ನೋಡಲಿ.

ಊಟಕ್ಕೆ ತೊಂದರೆಯಿಲ್ಲ. ಯಾವ ಕೆಫೆಗೆ ಹೋದರೂ ಚೀಸ್ ಸ್ಯಾಂಡ್‌ವಿಚ್ಚೋ, ಬೀನ್ಸ್ ಹಾಕಿದ ಬೇಯಿಸಿದ ಆಲೂಗಡ್ಡೆಯೋ ಸಿಗುತ್ತದೆ. ಸೂಪ್ ಕೊಳ್ಳುವಾಗ ಮಾಂಸದ ಸಾರು ಹಾಕಿದ್ದಾರಾ ಅಂತ ಕೇಳಿಬಿಡಿ. ಕೆಲವು ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದನ್ನೂ ವಿಚಾರಿಸಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಊರ ಹೊರಗೆ ಆಡ್ಲಿ ಎಂಡ್ ಅನ್ನುವ ದೊಡ್ಡ ಬಂಗಲೆ ಇದೆ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್‌ನ ಮೊಮ್ಮಗಳು ಆ ಮನೆಗೆ ಸೊಸೆಯಾಗಿ ಹೋದಳು. ನಮ್ಮ ಕಡೆಯವರು ನೋಡಬೇಕಾದ ಮನೆಯೇ. ಆದರೆ ಅದಕ್ಕೇ ಅರ್ಧ ದಿನ ಬೇಕು, ನಡಿಗೆಯೂ ಜಾಸ್ತಿ. ಸಂತೆಯ ದಿನ ಅದನ್ನೂ ತುರುಕಬೇಡಿ. ಮಗಳಿಗೆ ರಜೆ ಇದ್ದರೆ ಇನ್ನೊಂದು ದಿನ ಅವಳ ಜೊತೆ ಹೋಗಿ.

ಪ್ರಶ್ನೆ: ಅಲ್ಲಿ ಈಗಲೂ ಕೇಸರಿ ಹೊಲ ನೋಡಬಹುದಾ?
– ಅದೇ ಓದುಗರು

ಉತ್ತರ: ಜುಲೈನಲ್ಲಿ ಹೂವು ಸಿಗಲ್ಲ, ಅದು ಅರಳುವುದು ಅಕ್ಟೋಬರ್ ಹೊತ್ತಿಗೆ. ಆ ಊರಿನ ಬೇಸಾಯ 18ನೇ ಶತಮಾನದ ಕೊನೆಯ ಹೊತ್ತಿಗೇ ನಿಂತುಹೋಯಿತು, ಆಮೇಲೆ ಬಾರ್ಲಿ ಮತ್ತು ಮಾಲ್ಟ್‌ನಿಂದ (ಬಿಯರ್ ಮಾಡಲು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಊರು ದುಡ್ಡು ಕಂಡಿತು. ಈಚೆಗೆ ಎಸೆಕ್ಸ್‌ನಲ್ಲಿ ಸಣ್ಣ ಮಟ್ಟದಲ್ಲಿ ಮತ್ತೆ ಬೆಳೆಯುತ್ತಿದ್ದಾರೆ. ಬೆಲೆ ಮಾತ್ರ ಸಿಕ್ಕಾಪಟ್ಟೆ.